ಫೈಲಿನಲ್ಲಿ 3, ಕ್ಲಸ್ಟರ್‌ನಲ್ಲಿ 6: ಅಪ್ಲೈ ಕಮಾಂಡ್ ಯಾರ ಮಾತು ಕೇಳುತ್ತದೆ?

ಅಕ್ಟೋಬರ್‌ನಲ್ಲಿ ಕಾವೇರಿ ತೀರ್ಥೋದ್ಭವದ ಹೊತ್ತಿಗೆ ಕೊಡಗಿಗೆ ಬರುವವರ ಸಂಖ್ಯೆ ಏರುತ್ತದೆ. ಇಲ್ಲಿನ ಹೋಂಸ್ಟೇಗಳ ಬುಕಿಂಗ್ ನೋಡಿಕೊಳ್ಳುವ ಒಂದು ಆ್ಯಪ್ ಇದೆ, ಅದು ಕುಬರ್ನೆಟಿಸ್ ಎಂಬ ತಂತ್ರಾಂಶ ನೋಡಿಕೊಳ್ಳುವ ಕ್ಲಸ್ಟರ್ (ಯಂತ್ರಗಳ ಗುಂಪು) ಮೇಲೆ ಓಡುತ್ತಿದೆ ಎಂದುಕೊಳ್ಳಿ. ಮಾಮೂಲಿ ದಿನಗಳಲ್ಲಿ ಆ ಆ್ಯಪ್‌ನ 3 ಪಾಡ್‌ಗಳು, ಅಂದರೆ ಓಡುತ್ತಿರುವ 3 ಪ್ರತಿಗಳು ಸಾಕು. ಏನೇನು ಓಡಬೇಕೆಂದು ಕುಬರ್ನೆಟಿಸ್‌ಗೆ ಹೇಳುವ ಫೈಲಿನಲ್ಲೂ ಹಾಗೇ ಬರೆದಿದೆ. ತೀರ್ಥೋದ್ಭವದ ವಾರ ಜನ ಮುಗಿಬಿದ್ದರು, ಬಳಕೆ ನೋಡಿ ಪಾಡ್‌ಗಳನ್ನು ಹೆಚ್ಚುಕಡಿಮೆ ಮಾಡುವ ಆಟೋಸ್ಕೇಲರ್ ತಾನಾಗಿಯೇ ಪಾಡ್‌ಗಳನ್ನು 6ಕ್ಕೆ ಏರಿಸಿತು. ಅದೇ ಸಂಜೆ ಮಡಿಕೇರಿಯಲ್ಲಿ ಕೂತ ಎಂಜಿನಿಯರ್ ಒಬ್ಬರು ಆ ಫೈಲಿಗೆ ಗುರುತಿಗೆಂದು ಒಂದು ಲೇಬಲ್ ಸೇರಿಸಿ ಅಪ್ಲೈ ಮಾಡಿದರು, ಅಂದರೆ ಫೈಲನ್ನು ಕ್ಲಸ್ಟರ್‌ಗೆ ಕಳಿಸಿದರು. ಬೇರೇನೂ ಮುಟ್ಟಲಿಲ್ಲ. ಪರದೆಯ ಮೇಲೆ 'ಕಾನ್ಫಿಗರ್ಡ್' ಅಂತ ಒಂದು ಸಾಲು ಬಂತು, ಅಷ್ಟೇ.

ಆದರೆ ಕ್ಲಸ್ಟರ್‌ನಲ್ಲಿ 6 ಇದ್ದದ್ದು 3 ಆಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ಆಟೋಸ್ಕೇಲರ್ ಮಾಮೂಲಿಯಾಗಿ 15 ಸೆಕೆಂಡಿಗೊಮ್ಮೆ ಲೆಕ್ಕ ನೋಡುತ್ತದೆ, ಹಾಗಾಗಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ 6ಕ್ಕೆ ಏರಿಸುತ್ತದೆ. ಹೊಸ ಪಾಡ್‌ಗಳು ಎದ್ದು ಕೆಲಸ ಶುರುಮಾಡುವವರೆಗೆ ಮಾತ್ರ ಬುಕಿಂಗ್ ಮಾಡುತ್ತಿದ್ದವರು ಕಾಯಬೇಕು, ಕೆಲವರಿಗೆ ಪುಟವೇ ತೆರೆಯುವುದಿಲ್ಲ.

ಇಲ್ಲಿ ತಂತ್ರಾಂಶ ಕೆಟ್ಟಿಲ್ಲ. ಅಪ್ಲೈ ಹೇಗೆ ಕೆಲಸ ಮಾಡಬೇಕೋ ಹಾಗೇ ಮಾಡಿದೆ. ಕುಬರ್ನೆಟಿಸ್ ಕಲಿಯುವ ಎಲ್ಲರೂ ಮೊದಲ ದಿನವೇ ಬಳಸುವ ಕಮಾಂಡ್ ಇದು. ಆದರೆ ಅದರ ಒಳಗೆ ನಡೆಯುವ ಲೆಕ್ಕಾಚಾರವನ್ನು ಓದಿಕೊಂಡವರು ಕಡಿಮೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನಿಂದ ಊರಿಗೆ ಬಂದು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಮನೆಗಳಿಂದಲೇ ದೊಡ್ಡ ದೊಡ್ಡ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವವರು ಈಗಲೂ ಇದ್ದಾರೆ. ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರಿಗೂ ಇದು ಕೆಲಸದ ಮೊದಲ ವಾರವೇ ಎದುರಾಗುವ ವಿಷಯ. ಅವರಿಗೆಲ್ಲ ಈ ಕಮಾಂಡ್‌ನ ಒಳಗುಟ್ಟು ಕನ್ನಡದಲ್ಲಿ ಸಿಗಬೇಕು ಎಂಬುದು ನನ್ನ ಆಸೆ.

ಕುಬರ್ನೆಟಿಸ್ ಬಗ್ಗೆ ಎರಡು ಮಾತು ಸಾಕು. ಗೂಗಲ್ 2014ರಲ್ಲಿ ಇದನ್ನು ಎಲ್ಲರ ಬಳಕೆಗೆ ಬಿಟ್ಟಿತು, 2015ರ ಜುಲೈನಲ್ಲಿ 1.0 ಆವೃತ್ತಿ ಬಂತು. ಅದಕ್ಕೂ ಮುಂಚೆ ಗೂಗಲ್ ತನ್ನೊಳಗೆ ಬಳಸುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವ ಇದರ ಹಿಂದಿದೆ. ಹಲವು ಯಂತ್ರಗಳನ್ನು ಒಂದು ಗುಂಪಾಗಿ ಸೇರಿಸಿ, ಕಂಟೇನರ್‌ಗಳನ್ನು (ಓಡಲು ಬೇಕಾದ್ದೆಲ್ಲ ಜೊತೆಗೆ ಕಟ್ಟಿದ ಆ್ಯಪ್‌ನ ಪೊಟ್ಟಣಗಳು) ಅವುಗಳ ಮೇಲೆ ಹಂಚಿ, ಒಂದು ಬಿದ್ದರೆ ಇನ್ನೊಂದನ್ನು ಎಬ್ಬಿಸುವುದು ಇದರ ಕೆಲಸ. ನಾವು ಇದರ ಜೊತೆ ಮಾತಾಡುವುದು ಕ್ಯೂಬ್‌ಸಿಟಿಎಲ್ ಎಂಬ ಕಮಾಂಡ್ ಮೂಲಕ. ನಮಗೆ ಏನು ಬೇಕು ಎಂಬುದನ್ನು ಯಾಮಲ್ ಎಂಬ ರೂಪದ ಪಠ್ಯ ಫೈಲಿನಲ್ಲಿ ಬರೆಯುತ್ತೇವೆ. ಆಮೇಲೆ 'ಕ್ಯೂಬ್‌ಸಿಟಿಎಲ್ ಅಪ್ಲೈ -ಎಫ್' ಎಂದು ಬರೆದು ಫೈಲಿನ ಹೆಸರು ಕೊಡುತ್ತೇವೆ. ಒಂದು ಫೈಲ್ ಕೊಡಬಹುದು, ಇಡೀ ಫೋಲ್ಡರ್ ಕೊಡಬಹುದು, ಇಂಟರ್ನೆಟ್ ವಿಳಾಸವನ್ನೂ ಕೊಡಬಹುದು.

ಮಳೆಗಾಲದಲ್ಲಿ ಕರೆಂಟ್ ಹೋದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮರ ಬಿದ್ದು ಲೈನ್ ತುಂಡಾಗುವುದು, ಟವರ್ ಕೈಕೊಡುವುದು ಹೊಸ ಸುದ್ದಿಯಲ್ಲ. ಹಾಗಾಗಿ ಇಲ್ಲಿಂದ ಕೆಲಸ ಮಾಡುವವರಿಗೆ ಒಂದು ಪ್ರಶ್ನೆ ಬಹಳ ಮುಖ್ಯ. ಅಪ್ಲೈ ಅರ್ಧಕ್ಕೆ ನಿಂತರೆ ಏನಾಗುತ್ತದೆ?

ನೀವು ಎಂಟರ್ ಒತ್ತಿದಾಗ ಕ್ಯೂಬ್‌ಸಿಟಿಎಲ್ ಫೈಲನ್ನು ಓದಿ, ಕೋರಿಕೆಗಳನ್ನು ಸ್ವೀಕರಿಸುವ ಕ್ಲಸ್ಟರ್‌ನ ಎಪಿಐ ಸರ್ವರ್‌ಗೆ ಕಳಿಸುತ್ತದೆ. ನೀವು ಯಾರು, ನಿಮಗೆ ಅನುಮತಿ ಇದೆಯಾ, ಬರೆದದ್ದು ಸರಿಯಿದೆಯಾ ಎಂದು ಸರ್ವರ್ ನೋಡುತ್ತದೆ. ಎಲ್ಲ ಸರಿಯಿದ್ದರೆ ಇಟಿಸಿಡಿ ಎಂಬ ದತ್ತಸಂಗ್ರಹದಲ್ಲಿ ಬರೆದಿಡುತ್ತದೆ. ನಿಮ್ಮ ಕಮಾಂಡ್‌ನ ಕೆಲಸ ಅಲ್ಲಿಗೆ ಮುಗಿಯಿತು. ಪಾಡ್‌ಗಳನ್ನು ಎಬ್ಬಿಸುವುದು, ಹಳೆಯದನ್ನು ಇಳಿಸುವುದು, ಯಾವ ಯಂತ್ರದ ಮೇಲೆ ಕೂರಿಸಬೇಕೆಂದು ಹುಡುಕುವುದು ಇದೆಲ್ಲ ಕ್ಲಸ್ಟರ್ ಒಳಗಿನ ಕಂಟ್ರೋಲರ್‌ಗಳ ಪಾಲಿನ ಕೆಲಸ. ಅವು ಬರೆದಿಟ್ಟದ್ದನ್ನೂ ನಿಜವಾಗಿ ಓಡುತ್ತಿರುವುದನ್ನೂ ಸದಾ ಹೋಲಿಸುತ್ತಾ, ವ್ಯತ್ಯಾಸ ಕಂಡರೆ ಸರಿಮಾಡುತ್ತಾ ಇರುತ್ತವೆ. ನಿಮ್ಮ ಮನೆಯ ಕರೆಂಟ್ ಆಮೇಲೆ ಹೋದರೂ ಅಲ್ಲಿನ ಕೆಲಸ ನಿಲ್ಲುವುದಿಲ್ಲ. 'ರೋಲ್‌ಔಟ್ ಸ್ಟೇಟಸ್' ಅಂತ ಹೊಡೆದು ಪ್ರಗತಿ ನೋಡುತ್ತಾ ಕೂತಿರುತ್ತೇವಲ್ಲ, ಅದು ಬರೀ ನೋಡುವುದು. ಅದು ಕಡಿದುಹೋದರೆ ಗಾಬರಿ ಬೇಡ.

ಫೋಲ್ಡರ್ ಕೊಟ್ಟಾಗ ಮಾತ್ರ ಲೆಕ್ಕ ಬೇರೆ. ಫೋಲ್ಡರ್‌ನಲ್ಲಿ 12 ಫೈಲ್ ಇದ್ದರೆ ಅವು 12 ಬೇರೆ ಬೇರೆ ಕೋರಿಕೆಗಳಾಗಿ ಒಂದಾದ ಮೇಲೊಂದು ಹೋಗುತ್ತವೆ. 'ಆದರೆ ಎಲ್ಲ ಆಗಲಿ, ಇಲ್ಲದಿದ್ದರೆ ಒಂದೂ ಬೇಡ' ಎಂಬ ವ್ಯವಸ್ಥೆ ಇಲ್ಲ. ಐದನೆಯದರ ಹೊತ್ತಿಗೆ ನೆಟ್‌ವರ್ಕ್ ಹೋದರೆ ಮೊದಲಿನವು ಹೊಸದಾಗಿರುತ್ತವೆ, ಉಳಿದವು ಹಳೆಯದೇ. ಹಳೆಯ ಸೆಟ್ಟಿಂಗ್, ಹೊಸ ಕೋಡ್ ಕೂಡಿದ ಈ ಅರೆಬರೆ ಸ್ಥಿತಿಯಲ್ಲಿ ಆ್ಯಪ್ ಕುಸಿಯಬಹುದು.

ಸಮಾಧಾನದ ವಿಷಯವೆಂದರೆ, ನೆಟ್‌ವರ್ಕ್ ಬಂದ ಮೇಲೆ ಅದೇ ಕಮಾಂಡನ್ನು ಮತ್ತೆ ಹೊಡೆದರೆ ಸಾಕು. ಆಗಲೇ ಮುಟ್ಟಿದವುಗಳ ಮುಂದೆ 'ಅನ್‌ಚೇಂಜ್ಡ್' ಅಂತ ಬರುತ್ತದೆ, ಉಳಿದವು ಹೋಗುತ್ತವೆ. ಎಷ್ಟು ಸಲ ಹೊಡೆದರೂ ಕೊನೆಗೆ ಸಿಗುವ ಸ್ಥಿತಿ ಒಂದೇ. 'ಕ್ರಿಯೇಟ್' ಬಳಸಿದ್ದರೆ ಎರಡನೇ ಸಲ 'ಇದು ಈಗಾಗಲೇ ಇದೆ' ಎಂದು ತಕರಾರು ಮಾಡುತ್ತಿತ್ತು. ಯಾವುದು ಆಯಿತು, ಯಾವುದು ಇಲ್ಲ ಎಂದು ನೀವೇ ಪಟ್ಟಿ ಮಾಡಬೇಕಾಗುತ್ತಿತ್ತು. ಕೆಟ್ಟ ನೆಟ್‌ವರ್ಕ್ ಇರುವ ಊರಿನವರಿಗೆ ಅಪ್ಲೈ ಒದಗಿಸುವ ಅತಿ ದೊಡ್ಡ ಅನುಕೂಲ ಇದೇ ಎಂದು ನಾನು ನಂಬಿದ್ದೇನೆ.

ಮೂರು ಕಡೆಯ ಲೆಕ್ಕ

ಈಗ 3 ಮತ್ತು 6ರ ಪ್ರಶ್ನೆಗೆ ಬರೋಣ. ತುಂಬ ಜನ ಅಂದುಕೊಂಡಿರುವುದು, ಅಪ್ಲೈ ಎಂದರೆ ನನ್ನ ಫೈಲನ್ನು ಕ್ಲಸ್ಟರ್‌ಗೆ ಹಾಗೇ ನಕಲು ಮಾಡುವುದು ಎಂದು. ಹಾಗಲ್ಲ. ಅದು ಮೂರು ವಿಷಯಗಳನ್ನು ಎದುರುಬದುರು ಇಟ್ಟು ನೋಡುತ್ತದೆ. ಕಳೆದ ಸಲ ನೀವು ಕಳಿಸಿದ ಫೈಲ್, ಈಗ ಕಳಿಸುತ್ತಿರುವ ಫೈಲ್, ಮತ್ತು ಕ್ಲಸ್ಟರ್‌ನಲ್ಲಿ ಈ ಕ್ಷಣ ಇರುವುದು.

ಒಂದು ಕಾಫಿ ತೋಟವನ್ನು ನೆನೆಸಿಕೊಳ್ಳಿ. ತೋಟ ಸಿದ್ದಾಪುರದ ಹತ್ತಿರ, ಮಾಲೀಕರು ಮೈಸೂರಿನಲ್ಲಿ. ವಾರಕ್ಕೊಮ್ಮೆ ತೋಟ ನೋಡಿಕೊಳ್ಳುವ ರೈಟರ್‌ಗೆ ಚೀಟಿ ಕಳಿಸುತ್ತಾರೆ. ಕಳೆದ ವಾರದ ಚೀಟಿಯಲ್ಲಿ 'ಕಣಕ್ಕೆ ಇಬ್ಬರು ಕಾವಲು, ಗೇಟಿಗೆ ಒಬ್ಬರು' ಅಂತ ಇತ್ತು. ಈ ವಾರದ ಚೀಟಿಯಲ್ಲಿ 'ಕಣಕ್ಕೆ ಮೂವರು ಕಾವಲು' ಅಂತ ಮಾತ್ರ ಇದೆ. ತೋಟದಲ್ಲಿ ನೋಡಿದರೆ ಕಣದಲ್ಲಿ ಇಬ್ಬರು, ಗೇಟಿನಲ್ಲಿ ಒಬ್ಬರು, ಜೊತೆಗೆ ಆನೆ ಬರುವ ಕಡೆ ರೈಟರ್ ತಾವಾಗಿಯೇ ನಿಲ್ಲಿಸಿದ ಇನ್ನೊಬ್ಬರು ಇದ್ದಾರೆ. ಈಗ ರೈಟರ್ ಏನು ಮಾಡಬೇಕು? ಕಣಕ್ಕೆ ಒಬ್ಬರನ್ನು ಸೇರಿಸುತ್ತಾರೆ. ಗೇಟಿನವರನ್ನು ವಾಪಸ್ ಕರೆಸುತ್ತಾರೆ, ಯಾಕೆಂದರೆ ಕಳೆದ ಚೀಟಿಯಲ್ಲಿ ಇದ್ದದ್ದು ಈ ಚೀಟಿಯಲ್ಲಿ ಇಲ್ಲ ಎಂದರೆ ಮಾಲೀಕರಿಗೆ ಅದು ಬೇಡ ಎಂದೇ ಅರ್ಥ. ಆನೆ ಕಾವಲಿನವರನ್ನು ಮುಟ್ಟುವುದಿಲ್ಲ. ಅವರ ಮಾತು ಯಾವ ಚೀಟಿಯಲ್ಲೂ ಬಂದೇ ಇಲ್ಲ.

ಅಪ್ಲೈ ಮಾಡುವುದು ಇದನ್ನೇ. ಹೊಸ ಫೈಲಿನಲ್ಲಿ ಬರೆದದ್ದು ಕ್ಲಸ್ಟರ್‌ನಲ್ಲಿ ಬೇರೆಯಾಗಿದ್ದರೆ ಫೈಲಿನ ಮಾತೇ ನಡೆಯುತ್ತದೆ. ಹಳೆಯ ಫೈಲಿನಲ್ಲಿದ್ದು ಹೊಸದರಲ್ಲಿ ಇಲ್ಲದ್ದು ಅಳಿಸಿಹೋಗುತ್ತದೆ. ಎರಡರಲ್ಲೂ ಇಲ್ಲದೆ ಬೇರೆ ಯಾರೋ ಸೇರಿಸಿದ್ದು ಹಾಗೇ ಉಳಿಯುತ್ತದೆ.

ಕಳೆದ ಸಲದ ಫೈಲ್ ಎಲ್ಲಿರುತ್ತದೆ? ಫೈಲಿನಿಂದ ಕ್ಲಸ್ಟರ್‌ನಲ್ಲಿ ಹುಟ್ಟಿದ ಆ ವಸ್ತುವಿನ (ಆಬ್ಜೆಕ್ಟ್) ಒಳಗೇ. ವಸ್ತುವಿಗೆ ಅಂಟಿಸಿದ ಟಿಪ್ಪಣಿಗಳಾದ ಅನೊಟೇಶನ್‌ಗಳ ಪೈಕಿ 'ಲಾಸ್ಟ್ ಅಪ್ಲೈಡ್ ಕಾನ್ಫಿಗರೇಶನ್' ಎಂಬುದರಲ್ಲಿ ಇಡೀ ಫೈಲಿನ ಪ್ರತಿ ಕೂತಿರುತ್ತದೆ. ಇದರಿಂದ ಎರಡು ತೊಂದರೆ ಹುಟ್ಟುತ್ತವೆ. ಅನೊಟೇಶನ್‌ಗಳೆಲ್ಲ ಸೇರಿ 262144 ಬೈಟ್ ದಾಟುವಂತಿಲ್ಲ. ದೊಡ್ಡ ಕಸ್ಟಮ್ ರಿಸೋರ್ಸ್ ಡೆಫಿನಿಷನ್‌ಗಳನ್ನು (ನಾವೇ ಸೇರಿಸುವ ಹೊಸ ಬಗೆಯ ವಸ್ತುಗಳ ವಿವರ) ಅಪ್ಲೈ ಮಾಡಲು ಹೋಗಿ 'ತುಂಬ ಉದ್ದವಾಯಿತು' ಎಂಬ ದೋಷ ಕಂಡವರಿಗೆ ಕಾರಣ ಇದು. ಇನ್ನೊಂದು, ಸೀಕ್ರೆಟ್‌ಗಳನ್ನು ಫೈಲಿನಲ್ಲಿ ಬರೆದು ಅಪ್ಲೈ ಮಾಡಿದರೆ ಪಾಸ್‌ವರ್ಡ್‌ನ ಇನ್ನೊಂದು ಪ್ರತಿಯೂ ಈ ಅನೊಟೇಶನ್‌ನಲ್ಲಿ ಹೋಗಿ ಕೂರುತ್ತದೆ. ಬೇಸ್64 ರೂಪದಲ್ಲಿದೆಯಲ್ಲ, ಪರವಾಗಿಲ್ಲ ಎನ್ನಬೇಡಿ. ಅದು ಗೂಢಲಿಪಿಯೇ ಅಲ್ಲ, ಯಾರು ಬೇಕಾದರೂ ಒಂದು ಕಮಾಂಡ್‌ನಲ್ಲಿ ಬಿಡಿಸಬಹುದು.

'ಕ್ರಿಯೇಟ್' ಮೂಲಕ ಹುಟ್ಟಿದ ವಸ್ತುವಿನಲ್ಲಿ ಈ ಅನೊಟೇಶನ್ ಇರುವುದಿಲ್ಲ. ಅದರ ಮೇಲೆ ಮೊದಲ ಸಲ ಅಪ್ಲೈ ಮಾಡಿದಾಗ ಒಂದು ಎಚ್ಚರಿಕೆ ಬರುತ್ತದೆ. ಹೋಲಿಸಿ ನೋಡಲು ಹಳೆಯ ಫೈಲೇ ಇಲ್ಲದ ಕಾರಣ ಆ ಸಲ ಯಾವುದೂ ಅಳಿಯುವುದಿಲ್ಲ. ನಾನು ಆ ಸಾಲು ತೆಗೆದೆನಲ್ಲ, ಯಾಕೆ ಇನ್ನೂ ಕಾಣುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ಇದನ್ನು ಮೊದಲು ನೋಡಬೇಕು.

ಪಟ್ಟಿಗಳ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಎಷ್ಟು ಪಾಡ್, ಯಾವ ಕಂಟೇನರ್ ಎಂದು ಹೇಳುವ ಡಿಪ್ಲಾಯ್‌ಮೆಂಟ್‌ನಂಥ ಕುಬರ್ನೆಟಿಸ್‌ನದೇ ವಸ್ತುಗಳಲ್ಲಿ ಕಂಟೇನರ್‌ಗಳ ಪಟ್ಟಿಯನ್ನು ಹೆಸರು ನೋಡಿ ಬೆಸೆಯಲಾಗುತ್ತದೆ. ಹಾಗಾಗಿ ಬೇರೆಯವರು ಸೇರಿಸಿದ ಕಂಟೇನರ್ ಉಳಿಯುತ್ತದೆ. ಕಸ್ಟಮ್ ರಿಸೋರ್ಸ್‌ಗಳಲ್ಲಿ ಹಾಗಿಲ್ಲ. ಮಾಮೂಲಿ ಅಪ್ಲೈನಲ್ಲಿ ಅವುಗಳ ಪಟ್ಟಿ ಇಡಿಯಾಗಿ ಬದಲಾಗುತ್ತದೆ.

ಸಾಲು ತೆಗೆದರೆ ಇನ್ನೂ ಕಷ್ಟ

ಈಗ ಬುಕಿಂಗ್ ಆ್ಯಪ್‌ಗೆ ವಾಪಸ್. ಎಷ್ಟು ಪಾಡ್ ಬೇಕೆಂದು ಆಟೋಸ್ಕೇಲರ್ ನಿರ್ಧರಿಸುವುದಾದರೆ ಫೈಲಿನಲ್ಲಿ 'ರೆಪ್ಲಿಕಾಸ್' ಎಂಬ ಸಾಲೇ ಇರಬಾರದು, ಅಲ್ವಾ? ಸರಿ. ಆ ಸಾಲು ಅಳಿಸಿ ಅಪ್ಲೈ ಮಾಡೋಣ ಎನಿಸುತ್ತದೆ.

ದಯವಿಟ್ಟು ಸುಮ್ನೆ ಹಾಗೆ ಮಾಡಬೇಡಿ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಹಳೆಯ ಫೈಲಿನಲ್ಲಿ ಆ ಸಾಲು ಇತ್ತು, ಹೊಸದರಲ್ಲಿ ಇಲ್ಲ. ಹಾಗಾದರೆ ಅಪ್ಲೈ ಅದನ್ನು ಅಳಿಸುತ್ತದೆ. ಅಳಿಸಿದ ಜಾಗಕ್ಕೆ ಕುಬರ್ನೆಟಿಸ್ ತನ್ನ ಮಾಮೂಲಿ ಬೆಲೆ (ಡೀಫಾಲ್ಟ್ ವ್ಯಾಲ್ಯೂ) ತುಂಬುತ್ತದೆ. ರೆಪ್ಲಿಕಾಸ್‌ನ ಮಾಮೂಲಿ ಬೆಲೆ 1. ಆರು ಪಾಡ್ ಓಡುತ್ತಿದ್ದ ಕಡೆ ಒಂದೇ ಒಂದು ಉಳಿಯುತ್ತದೆ. ಒಳ್ಳೆಯದು ಮಾಡಲು ಹೋಗಿ 3ಕ್ಕಿಂತ ಕೆಟ್ಟ ಸ್ಥಿತಿಗೆ ಬಂದ ಹಾಗಾಯಿತು.

ಸರಿಯಾದ ದಾರಿ ಇದು: ಮೊದಲು 'ಕ್ಯೂಬ್‌ಸಿಟಿಎಲ್ ಅಪ್ಲೈ ಎಡಿಟ್-ಲಾಸ್ಟ್-ಅಪ್ಲೈಡ್' ಬಳಸಿ, ವಸ್ತುವಿನೊಳಗೆ ಕೂತಿರುವ ಹಳೆಯ ಪ್ರತಿಯಿಂದ ಆ ಸಾಲನ್ನು ತೆಗೆಯಬೇಕು. ಆಮೇಲೆ ನಿಮ್ಮ ಫೈಲಿನಿಂದಲೂ ತೆಗೆಯಬೇಕು. ಆಗ ಎರಡು ಕಡೆಯೂ ಆ ಸಾಲು ಇರುವುದಿಲ್ಲ. ಅದು ಬೇರೆಯವರದ್ದು ಎಂದು ಅಪ್ಲೈ ಮುಟ್ಟದೆ ಬಿಡುತ್ತದೆ. ಕುಬರ್ನೆಟಿಸ್‌ನ ಅಧಿಕೃತ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. ಆದರೆ ಅದು ಆಟೋಸ್ಕೇಲಿಂಗ್ ಅಧ್ಯಾಯದ ಒಳಗೆ ಹುದುಗಿದೆ. ಅಪ್ಲೈ ಕಲಿಯುವವರು ಅಲ್ಲಿವರೆಗೆ ಹೋಗಿ ಓದುವುದು ಅಪರೂಪ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅಪ್ಲೈ ಸುತ್ತಲಿನ ಬಹುಪಾಲು ಅವಘಡಗಳ ಬೇರು ಒಂದೇ. ಒಂದು ಫೀಲ್ಡ್‌ಗೆ, ಅಂದರೆ ರೆಪ್ಲಿಕಾಸ್‌ನಂಥ ಒಂದು ಸಾಲಿಗೆ, ಇಬ್ಬರು ಯಜಮಾನರು ಇರುತ್ತಾರೆ, ಒಬ್ಬರಿಗೆ ಇನ್ನೊಬ್ಬರು ಇರುವುದೇ ಗೊತ್ತಿರುವುದಿಲ್ಲ. ಒಬ್ಬರು ಫೈಲ್ ಮೂಲಕ ಬರುತ್ತಾರೆ. ಇನ್ನೊಬ್ಬರು ಆಟೋಸ್ಕೇಲರ್ ಆಗಿರಬಹುದು, ರಾತ್ರಿ ಫೋನಿನ ಹಾಟ್‌ಸ್ಪಾಟ್ ಹಿಡಿದು ಕ್ಲಸ್ಟರ್‌ನಲ್ಲೇ ನೇರವಾಗಿ 'ಎಡಿಟ್' ಮಾಡಿದ ಸಹೋದ್ಯೋಗಿ ಆಗಿರಬಹುದು. ಯಾಮಲ್ ಚೆನ್ನಾಗಿ ಬರೆಯಲು ಕಲಿಸುವ ಪಾಠಗಳು ಬೇಕಾದಷ್ಟಿವೆ. ಯಾವ ಫೀಲ್ಡ್ ಯಾರದ್ದು ಎಂದು ಮೊದಲೇ ಮಾತಾಡಿಕೊಳ್ಳಿ ಎಂದು ಹೇಳುವವರು ಕಡಿಮೆ.

ಯಜಮಾನಿಕೆಯನ್ನು ಬರೆದಿಡುವ ಹೊಸ ದಾರಿ

ಕುಬರ್ನೆಟಿಸ್ ಮಾಡುವವರಿಗೂ ಇದು ಗೊತ್ತಿತ್ತು. ಅದಕ್ಕೇ ಸರ್ವರ್-ಸೈಡ್ ಅಪ್ಲೈ ಬಂದದ್ದು. 2019ರ 1.14 ಆವೃತ್ತಿಯಲ್ಲಿ ಪ್ರಯೋಗವಾಗಿ ಶುರುವಾಗಿ, 1.16ರಲ್ಲಿ ಬೀಟಾ ಹಂತ ಮುಟ್ಟಿ, 2021ರ ಆಗಸ್ಟ್‌ನಲ್ಲಿ 1.22ರ ಜೊತೆ ಪಕ್ಕಾ ಆಯಿತು. ಕಮಾಂಡ್‌ಗೆ 'ಸರ್ವರ್-ಸೈಡ್' ಎಂಬ ಆಯ್ಕೆ ಸೇರಿಸಿದರೆ ಸಾಕು.

ಇಲ್ಲಿ ಬೆಸೆಯುವ ಲೆಕ್ಕ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ, ಸರ್ವರ್‌ನಲ್ಲಿ ನಡೆಯುತ್ತದೆ. ಪ್ರತಿ ಫೀಲ್ಡ್ ಮುಂದೆ ಅದನ್ನು ಯಾರು ಯಾರು ತಮ್ಮದೆಂದರು ಎಂಬ ದಾಖಲೆ 'ಮ್ಯಾನೇಜ್ಡ್ ಫೀಲ್ಡ್ಸ್' ಎಂಬ ಕಡೆ ಇರುತ್ತದೆ. ಬೇರೆಯವರ ಹೆಸರಿನಲ್ಲಿರುವ ಫೀಲ್ಡನ್ನು ನೀವು ಬದಲಿಸಲು ಹೋದರೆ ಸರ್ವರ್ ತಡೆದು, ಇದು ಇಂಥವರದ್ದು, ಘರ್ಷಣೆ ಇದೆ ಎಂದು ಹೇಳುತ್ತದೆ. ನಮ್ಮ ಬುಕಿಂಗ್ ಆ್ಯಪ್‌ನಲ್ಲಿ ಮೊದಲಿನಿಂದ ಇದನ್ನೇ ಬಳಸಿದ್ದರೆ, ಲೇಬಲ್ ಸೇರಿಸಿದ ಆ ಸಂಜೆ ಪಾಡ್‌ಗಳು ಸದ್ದಿಲ್ಲದೆ ಇಳಿಯುತ್ತಿರಲಿಲ್ಲ. ರೆಪ್ಲಿಕಾಸ್ ವಿಷಯದಲ್ಲಿ ಘರ್ಷಣೆ ಇದೆ ಎಂಬ ಸಂದೇಶ ಬರುತ್ತಿತ್ತು. ಆಗ ಫೈಲಿನಿಂದ ಆ ಸಾಲು ತೆಗೆದರೂ 1ಕ್ಕೆ ಇಳಿಯುವುದಿಲ್ಲ. ಆ ಫೀಲ್ಡ್‌ಗೆ ಆಟೋಸ್ಕೇಲರ್ ಕಡೆಯ ಯಜಮಾನರು ಇರುವುದರಿಂದ ನಿಮ್ಮ ಹಕ್ಕು ಮಾತ್ರ ಹೋಗುತ್ತದೆ, ಬೆಲೆ ಹಾಗೇ ಇರುತ್ತದೆ. ಆದರೆ ಆಟೋಸ್ಕೇಲರ್ ಇನ್ನೂ ಒಮ್ಮೆಯೂ ಆ ಫೀಲ್ಡ್ ಮುಟ್ಟಿರದಿದ್ದರೆ ಇಲ್ಲೂ 1ಕ್ಕೆ ಬೀಳುತ್ತದೆ. ಹಾಗಾಗಿ ಅದು ಒಮ್ಮೆ ಬದಲಿಸುವವರೆಗೆ ಕಾದು ಆಮೇಲೆ ಸಾಲು ತೆಗೆಯುವುದು ಕ್ಷೇಮ.

ಘರ್ಷಣೆ ಬಂದಾಗ 'ಫೋರ್ಸ್-ಕಾನ್‌ಫ್ಲಿಕ್ಟ್ಸ್' ಸೇರಿಸಿ ನುಗ್ಗುವುದು ಸುಲಭ. ಹಲವು ತಂಡಗಳ ಸ್ಕ್ರಿಪ್ಟ್‌ಗಳಲ್ಲಿ ಅದು ಕಾಯಂ ಆಗಿ ಕೂತಿದೆ. ಯಂತ್ರವೊಂದು ತನ್ನ ಫೈಲನ್ನು ತಾನೇ ಕಾಯುವ ಕಡೆ ಅದು ಸರಿ. ಮನುಷ್ಯರು ಕೈಯಿಂದ ಹೊಡೆಯುವ ಕಮಾಂಡ್‌ನಲ್ಲಿ ಅದನ್ನು ಅಭ್ಯಾಸ ಮಾಡಿಕೊಂಡರೆ ಈ ಇಡೀ ಏರ್ಪಾಡು ವ್ಯರ್ಥ. ಆ ಸಂದೇಶ ಬಂದಾಗ ಮೊದಲು ಕೇಳಬೇಕಾದ್ದು ಆ ಇನ್ನೊಬ್ಬರು ಯಾರು ಎಂದು.

ಇಷ್ಟಾದರೂ ಬರೀ ಅಪ್ಲೈ ಎಂದರೆ ಕ್ಯೂಬ್‌ಸಿಟಿಎಲ್ ಹಳೆಯ ದಾರಿಯನ್ನೇ ಹಿಡಿಯುತ್ತಾ ಬಂದಿದೆ. ಎಷ್ಟೋ ಕಂಪನಿಗಳ ಸ್ಕ್ರಿಪ್ಟ್‌ಗಳು ಅದನ್ನೇ ನಂಬಿವೆ. ಈಗ ಒಂದು ಉಪಾಯ ಬಂದಿದೆ. ಕ್ಯೂಬ್‌ಆರ್‌ಸಿ ಎಂಬ ಫೈಲಿನಲ್ಲಿ ನಿಮ್ಮ ಸ್ವಂತ ಆಯ್ಕೆಗಳನ್ನು ಬರೆದಿಡಬಹುದು. 2025ರ 1.33ರಲ್ಲಿ ಪ್ರಯೋಗವಾಗಿ ಬಂದ ಇದು 1.34ರಲ್ಲಿ ಬೀಟಾ ಆಯಿತು. ಅಪ್ಲೈ ಎಂದರೆ ಸದಾ ಸರ್ವರ್-ಸೈಡ್, ಡಿಲೀಟ್ ಎಂದರೆ ಸದಾ ಒಮ್ಮೆ ಕೇಳಿ ಮುಂದುವರಿ ಎಂದು ಅದರಲ್ಲಿ ಹೇಳಬಹುದು. ಹೊಸದಾಗಿ ಕಲಿಯುವವರು ಈ ಎರಡನ್ನೂ ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು ಎನ್ನುತ್ತೇನೆ.

ಒತ್ತುವ ಮೊದಲು

'ಕ್ಯೂಬ್‌ಸಿಟಿಎಲ್ ಡಿಫ್ -ಎಫ್' ಎಂಬ ಕಮಾಂಡ್ 1.18ರಿಂದ ಪಕ್ಕಾ ಇದೆ. ಅಪ್ಲೈ ಮಾಡಿದರೆ ಯಾವ ಸಾಲು ಹೋಗುತ್ತದೆ, ಯಾವುದು ಬರುತ್ತದೆ ಎಂದು ಸರ್ವರನ್ನೇ ಕೇಳಿ ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. 6 ಇದ್ದದ್ದು 3 ಆಗುತ್ತದೆ ಎಂದು ಅದು ಮುಂಚೆಯೇ ತೋರಿಸುತ್ತಿತ್ತು. ವ್ಯತ್ಯಾಸ ಇಲ್ಲದಿದ್ದರೆ 0, ಇದ್ದರೆ 1 ಎಂಬ ಸಂಕೇತವನ್ನು ಹಿಂತಿರುಗಿಸುತ್ತದೆ, ಹಾಗಾಗಿ ಸ್ಕ್ರಿಪ್ಟ್‌ನಲ್ಲೂ ಬಳಸಬಹುದು. ಏನನ್ನೂ ಬದಲಿಸದೆ ಅಪ್ಲೈಯನ್ನು ಪರೀಕ್ಷಿಸುವ ಡ್ರೈ-ರನ್‌ನಲ್ಲೂ ಎರಡು ಬಗೆ ಇದೆ. 'ಕ್ಲೈಂಟ್' ಎಂದರೆ ಲ್ಯಾಪ್‌ಟಾಪ್ ಮಟ್ಟದ ಪರೀಕ್ಷೆ. 'ಸರ್ವರ್' ಎಂದರೆ ಅನುಮತಿ, ನಿಯಮ ಎಲ್ಲವನ್ನೂ ದಾಟಿಸಿ, ಬರೆದಿಡುವ ಹಂತ ಒಂದನ್ನು ಮಾತ್ರ ಬಿಡುವುದು. ಎರಡನೆಯದೇ ನಂಬಿಕೆಗೆ ಯೋಗ್ಯ.

ಯಾವ ಕ್ಲಸ್ಟರ್‌ಗೆ ಒತ್ತುತ್ತಿದ್ದೇವೆ ಎಂಬುದನ್ನು 'ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್' ಹೇಳುತ್ತದೆ. ಪರೀಕ್ಷೆಯ ಕ್ಲಸ್ಟರ್ ಎಂದುಕೊಂಡು ಗ್ರಾಹಕರು ಬಳಸುವ ಕ್ಲಸ್ಟರ್‌ಗೆ ಹೊಡೆಯುವುದು ಈ ಕೆಲಸದ ಅತಿ ದುಬಾರಿ ತಪ್ಪು. ಅದಕ್ಕೆ ಅಪ್ಲೈನಲ್ಲಿ ಯಾವ ರಕ್ಷಣೆಯೂ ಇಲ್ಲ. ಕಮಾಂಡ್‌ನಲ್ಲೇ ಕಾಂಟೆಕ್ಸ್ಟ್ ಹೆಸರು ಬರೆಯುವುದು ಉದ್ದ ಎನಿಸಿದರೂ ಬರೆಯಿರಿ.

ಇನ್ನು ಯಾಮಲ್. ಟ್ಯಾಬ್ ಒತ್ತಿದರೆ ಕೆಡುತ್ತದೆ, ಖಾಲಿ ಜಾಗ ಹೆಚ್ಚುಕಡಿಮೆಯಾದರೆ ಅರ್ಥವೇ ಬದಲಾಗುತ್ತದೆ. ಆ್ಯಪ್‌ಗೆ ಹೊರಗಿನಿಂದ ಕೊಡುವ ಎನ್ವಿರಾನ್‌ಮೆಂಟ್ ಬೆಲೆಯಾಗಿ 8080 ಅಥವಾ ಟ್ರೂ ಎಂದು ಉದ್ಧರಣ ಚಿಹ್ನೆ ಇಲ್ಲದೆ ಬರೆದರೆ ಅದನ್ನು ಅಂಕಿ, ಹೌದು-ಅಲ್ಲ ಎಂದು ಓದಿಕೊಂಡು ಸರ್ವರ್ ತಿರಸ್ಕರಿಸುತ್ತದೆ. ಈ ಕಾಟ ಕಡಿಮೆ ಮಾಡಲು ಕೆಯಾಮಲ್ ಎಂಬ ಕಟ್ಟುನಿಟ್ಟಾದ ರೂಪ 1.34ರಲ್ಲಿ ಪ್ರಯೋಗವಾಗಿ ಬಂದಿದೆ. ಅದರಲ್ಲಿ ಪಠ್ಯಕ್ಕೆ ಸದಾ ಉದ್ಧರಣ ಚಿಹ್ನೆ ಇರುತ್ತದೆ, ಖಾಲಿ ಜಾಗದ ಬದಲು ಆವರಣಗಳು ಹಂತ ತೋರಿಸುತ್ತವೆ.

ಹಳೆಯ ಪಾಠಗಳಿಂದ ಎತ್ತಿಕೊಂಡ ಫೈಲುಗಳ ಬಗ್ಗೆಯೂ ಎಚ್ಚರ ಬೇಕು. ಡಿಪ್ಲಾಯ್‌ಮೆಂಟ್‌ನ ಹಳೆಯ ಎಪಿಐ ಆವೃತ್ತಿಗಳನ್ನು 2019ರ 1.16ರಲ್ಲೇ ತೆಗೆದರು. ಹೊರಗಿನ ಕೋರಿಕೆಗಳನ್ನು ಒಳಗೆ ಬಿಡುವ ಇಂಗ್ರೆಸ್‌ನ ಬೀಟಾ ಆವೃತ್ತಿ 1.22ರಲ್ಲಿ, ವೇಳೆಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಜಾಬ್‌ನದು 1.25ರಲ್ಲಿ ಹೋಯಿತು. ಕಾಲೇಜಿನ ಲ್ಯಾಬ್‌ನಲ್ಲಿ ಆರಂಭದಲ್ಲೇ ಕೈಸೋತು, ಇದು ನನಗೆ ಹತ್ತುವುದಿಲ್ಲ ಎಂದು ಬಿಟ್ಟವರಲ್ಲಿ ಕೆಲವರಿಗೆ ಅಡ್ಡಬಂದದ್ದು ಎಪಿಐ ಆವೃತ್ತಿ ಬರೆಯುವ ಬರೀ ಹಳೆಯ ಮೊದಲ ಸಾಲು ಆಗಿರಬಹುದು. ಅದನ್ನು ಯೋಚಿಸಿದರೆ ಬೇಸರವಾಗುತ್ತದೆ.

ಅಪ್ಲೈ ಮಾಡದ ಕೆಲಸಗಳು

ಫೋಲ್ಡರ್‌ನಿಂದ ಒಂದು ಫೈಲ್ ತೆಗೆದು ಅಪ್ಲೈ ಮಾಡಿದರೆ ಕ್ಲಸ್ಟರ್‌ನಲ್ಲಿ ಆ ವಸ್ತು ಅಳಿಯುವುದಿಲ್ಲ. ಫೈಲಿನ ಒಳಗಿನ ಸಾಲಿಗೆ ಇರುವ ನಿಯಮ ಫೈಲಿಗೇ ಇಲ್ಲ. ಹಳೆಯ ಸರ್ವಿಸ್ (ಪಾಡ್‌ಗಳಿಗೆ ದಾರಿ ತೋರುವ ವಿಳಾಸ), ಹಳೆಯ ಕಾನ್ಫಿಗ್‌ಮ್ಯಾಪ್ (ಸೆಟ್ಟಿಂಗ್ ಇಡುವ ವಸ್ತು) ಹಾಗೇ ಬಿದ್ದಿರುತ್ತವೆ. 'ಪ್ರೂನ್' ಎಂಬ ಆಯ್ಕೆ ಬಹಳ ಕಾಲದಿಂದ ಇದ್ದರೂ ಪ್ರಯೋಗದ ಹಂತ ದಾಟಿಲ್ಲ. ಲೇಬಲ್ ಹೊಂದಿದ್ದನ್ನೆಲ್ಲ ಹುಡುಕಿ ಅಳಿಸುವ ಅದರ ರೀತಿ ಅಪಾಯದ್ದು. ಯಾವ ಗುಂಪಿಗೆ ಯಾವ ವಸ್ತು ಸೇರಿದೆ ಎಂದು ಕ್ಲಸ್ಟರ್‌ನಲ್ಲೇ ಬರೆದಿಡುವ ಅಪ್ಲೈಸೆಟ್ ಎಂಬ ಸುಧಾರಣೆ 1.27ರಲ್ಲಿ ಪ್ರಯೋಗವಾಗಿ ಸೇರಿತು. ಅದು ಪಕ್ಕಾ ಆಗುವವರೆಗೆ, ಬೇಡದ್ದನ್ನು ಹೆಸರು ಹಿಡಿದು ಡಿಲೀಟ್ ಮಾಡುವುದೇ ಮೇಲು.

ಇನ್ನೊಂದು ತುಂಬ ಜನರನ್ನು ಕಾಡುತ್ತದೆ. ಹೋಂಸ್ಟೇ ಬಾಡಿಗೆ ದರ ಕಾನ್ಫಿಗ್‌ಮ್ಯಾಪ್‌ನಲ್ಲಿದೆ, ಅದನ್ನು ಎನ್ವಿರಾನ್‌ಮೆಂಟ್ ಬೆಲೆಯಾಗಿ ಆ್ಯಪ್ ಓದುತ್ತಿದೆ ಎಂದುಕೊಳ್ಳಿ. ದರ ಬದಲಿಸಿ ಅಪ್ಲೈ ಮಾಡಿದಿರಿ. ಕಾನ್ಫಿಗ್‌ಮ್ಯಾಪ್ ಬದಲಾಯಿತು, ಆದರೆ ಆ್ಯಪ್ ಹಳೆಯ ದರವನ್ನೇ ತೋರಿಸುತ್ತಿದೆ. ಓಡುತ್ತಿರುವ ಪಾಡ್ ಆ ಬೆಲೆಯನ್ನು ಏಳುವಾಗ ಒಮ್ಮೆ ಮಾತ್ರ ಓದುತ್ತದೆ. 'ರೋಲ್‌ಔಟ್ ರೀಸ್ಟಾರ್ಟ್' ಹೊಡೆದರೆ ಪಾಡ್‌ಗಳು ಹಂತಹಂತವಾಗಿ ಹೊಸದಾಗುತ್ತವೆ. ಯಾಮಲ್ ಫೈಲುಗಳನ್ನು ಹೊಂದಿಸಿಕೊಡುವ ಕಸ್ಟಮೈಸ್ ಎಂಬ ಸಾಧನದ ಜನರೇಟರ್‌ನಿಂದ ಕಾನ್ಫಿಗ್‌ಮ್ಯಾಪ್ ಕಟ್ಟುವವರಿಗೆ ಈ ಚಿಂತೆಯಿಲ್ಲ. ಅದು ಕಾನ್ಫಿಗ್‌ಮ್ಯಾಪ್‌ನ ಹೆಸರಿನ ತುದಿಗೆ ಒಳಗಿನ ವಿಷಯದ ಹ್ಯಾಶ್ ಸೇರಿಸುತ್ತದೆ. ವಿಷಯ ಬದಲಾದರೆ ಹೆಸರೇ ಬದಲಾಗಿ ಪಾಡ್‌ಗಳು ತಾವಾಗಿಯೇ ಹೊಸದಾಗುತ್ತವೆ. ಕಸ್ಟಮೈಸ್ 1.14ರಿಂದ ಕ್ಯೂಬ್‌ಸಿಟಿಎಲ್ ಒಳಗೇ ಇದೆ, '-ಕೆ' ಎಂದು ಕೊಟ್ಟರೆ ಸಾಕು.

ಕೆಲವು ಫೀಲ್ಡ್‌ಗಳನ್ನು ಒಮ್ಮೆ ಬರೆದ ಮೇಲೆ ಬದಲಿಸುವಂತೆಯೇ ಇಲ್ಲ. ತನ್ನ ಪಾಡ್‌ಗಳು ಯಾವುವೆಂದು ಲೇಬಲ್ ನೋಡಿ ಗುರುತಿಸುವ ಡಿಪ್ಲಾಯ್‌ಮೆಂಟ್‌ನ ಸೆಲೆಕ್ಟರ್ ಅಂಥದ್ದು. ಅಪ್ಲೈ ಅಲ್ಲಿ ಸೋಲುತ್ತದೆ. 'ರೀಪ್ಲೇಸ್' ಜೊತೆ 'ಫೋರ್ಸ್' ಹಾಕಿ ಎಂದು ಯಾರಾದರೂ ಹೇಳಿದರೆ ನೆನಪಿರಲಿ, ಅದು ಹಳೆಯದನ್ನು ಅಳಿಸಿ ಮತ್ತೆ ಕಟ್ಟುತ್ತದೆ. ನಡುವೆ ಸೇವೆ ನಿಲ್ಲುತ್ತದೆ.

ಕಮಾಂಡ್ ನಾವೇ ಒತ್ತಬೇಕಾ?

ಗಿಟ್‌ಆಪ್ಸ್ ಎಂಬ ಹೆಸರನ್ನು 2017ರಲ್ಲಿ ವೀವ್‌ವರ್ಕ್ಸ್ ಕಂಪನಿ ಬಳಕೆಗೆ ತಂದಿತು. ಫೈಲುಗಳು, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿರುತ್ತವೆ. ಕ್ಲಸ್ಟರ್‌ನ ಒಳಗೇ ಕೂತ ಒಂದು ಏಜೆಂಟ್ ಗಿಟ್ ನೋಡುತ್ತಾ, ಬದಲಾವಣೆ ಕಂಡಾಗ ತಾನೇ ಅಪ್ಲೈ ಮಾಡುತ್ತದೆ. ಆರ್ಗೋ ಸಿಡಿ, ಫ್ಲಕ್ಸ್ ಈ ಕೆಲಸದ ಎರಡು ಹೆಸರಾಂತ ಸಾಧನಗಳು. ಎರಡೂ 2022ರಲ್ಲಿ, ಕುಬರ್ನೆಟಿಸ್ ಯೋಜನೆಯನ್ನೂ ನೋಡಿಕೊಳ್ಳುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಪ್ರಬುದ್ಧ ಯೋಜನೆಗಳ ಸಾಲಿಗೆ ಸೇರಿದವು. ವೀವ್‌ವರ್ಕ್ಸ್ ಕಂಪನಿಯೇ 2024ರಲ್ಲಿ ಮುಚ್ಚಿತು, ಫ್ಲಕ್ಸ್ ಮಾತ್ರ ಮುಂದುವರಿದಿದೆ.

ಕೊಡಗಿನಿಂದ ಕೆಲಸ ಮಾಡುವವರಿಗೆ ಇದು ಹೇಳಿಮಾಡಿಸಿದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಳೆಯ ನಡುವೆ ಒಂದೆರಡು ನಿಮಿಷ ನೆಟ್‌ವರ್ಕ್ ಸಿಕ್ಕರೂ ಒಂದು ಗಿಟ್ ಪುಶ್ ಆಗುತ್ತದೆ, ಹೋಗುವುದು ಕೆಲವೇ ಕಿಲೋಬೈಟ್. ಫೋಲ್ಡರ್‌ನ 12 ಫೈಲುಗಳು ಒಂದೇ ಕಮಿಟ್ ಆಗಿ ಹೋಗುತ್ತವೆ. ನಿಮ್ಮ ಲೈನ್ ಕಡಿದರೆ ಅರ್ಧ ಹೋಗಿ ಅರ್ಧ ಉಳಿಯುವ ಮಾತಿಲ್ಲ. ಅಪ್ಲೈ ಮಾಡುವ ಯಂತ್ರ ಡೇಟಾ ಸೆಂಟರ್‌ನಲ್ಲಿದೆ, ಅದಕ್ಕೆ ಸೋಲುವ ನೆಟ್‌ವರ್ಕ್‌ನ ಕಾಟವಿಲ್ಲ. ಪ್ರೊಡಕ್ಷನ್ ಕ್ಲಸ್ಟರ್‌ನ ಕೀಲಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವ ಅಗತ್ಯವೂ ತಪ್ಪುತ್ತದೆ. ಏಜೆಂಟ್ ಬಂದ ಮಾತ್ರಕ್ಕೆ ಯಜಮಾನಿಕೆಯ ಪ್ರಶ್ನೆ ತಪ್ಪುವುದಿಲ್ಲ. ಫೈಲಿನಲ್ಲಿ 3 ಅಂತ ಉಳಿಸಿ, ಪಕ್ಕದಲ್ಲಿ ಆಟೋಸ್ಕೇಲರ್ ಇಟ್ಟರೆ, ಏಜೆಂಟ್ ಮತ್ತು ಆಟೋಸ್ಕೇಲರ್ ಬಿಡುವಿಲ್ಲದೆ ಎಳೆದಾಡುತ್ತವೆ. ಮನುಷ್ಯರು ದಿನಕ್ಕೊಮ್ಮೆ ಒತ್ತುತ್ತಿದ್ದದ್ದನ್ನು ಏಜೆಂಟ್ ಕೆಲವು ನಿಮಿಷಕ್ಕೊಮ್ಮೆ ಒತ್ತುತ್ತದೆ.

ತುರ್ತು ಸಂದರ್ಭ ಎಲ್ಲರಿಗೂ ಬರುತ್ತದೆ. ರಾತ್ರಿ ಆ್ಯಪ್ ಬಿದ್ದಿದೆ, ಗಿಟ್ ತಲುಪುತ್ತಿಲ್ಲ, 'ಎಡಿಟ್' ಮಾಡಿ ಮೆಮೊರಿ ಮಿತಿ ಏರಿಸಿದಿರಿ. ತಪ್ಪಿಲ್ಲ, ಜನರಿಗೆ ಸೇವೆ ಸಿಗಬೇಕು. ಏಜೆಂಟ್ ಇರುವ ಕಡೆಯಾದರೆ ಮೊದಲು ಆ ಆ್ಯಪ್‌ನ ಸಿಂಕ್ (ಗಿಟ್‌ನಲ್ಲಿದ್ದಂತೆ ಹೊಂದಿಸುವ ಕೆಲಸ) ತಡೆಹಿಡಿಯಿರಿ, ಇಲ್ಲದಿದ್ದರೆ ನಿಮ್ಮ ಬದಲಾವಣೆಯನ್ನು ಅದು ವಾಪಸ್ ಎಳೆಯಬಹುದು. ಬೆಳಿಗ್ಗೆ ನೆಟ್‌ವರ್ಕ್ ಬಂದ ಕೂಡಲೇ ಡಿಫ್ ಹೊಡೆಯಿರಿ. ಫೈಲಿನಲ್ಲಿರುವ ಸಾಲುಗಳ ಪೈಕಿ ರಾತ್ರಿ ಕೈಯಿಂದ ಬದಲಿಸಿದ್ದೆಲ್ಲ ಅಲ್ಲಿ ಸಾಲುಸಾಲಾಗಿ ಕಾಣುತ್ತದೆ. ಉಳಿಸಬೇಕಾದ್ದನ್ನು ಫೈಲಿಗೆ ಬರೆಯಿರಿ, ಯಾಕೆ ಬದಲಿಸಿದಿರಿ ಎಂದು ಕಮಿಟ್‌ನಲ್ಲಿ ಒಂದು ಸಾಲು ಹಾಕಿ. ಆಮೇಲೆ ಸಿಂಕ್ ಮತ್ತೆ ಶುರುಮಾಡಿ.